ತಿದ್ದಿದ ಹೂಗಳು

ಆ ಶಿಶುವಿಹಾರದಲ್ಲಿ ಮಕ್ಕಳ ಕೈಯಲ್ಲಿ ಹುಟ್ಟಿದ ಹೂವು ಗೋಡೆ ಹತ್ತಬೇಕಾದರೆ ಇನ್ನೊಮ್ಮೆ ಹುಟ್ಟಿ ಬರಬೇಕಿತ್ತು. ಹನ್ನೆರಡೂವರೆಗೆ ಕೊನೆಯ ಮಗುವನ್ನು ಅದರ ಅಜ್ಜನ ಕೈಗೆ ಒಪ್ಪಿಸಿ, ಗೇಟಿಗೆ ಚಿಲಕ ಹಾಕಿ ಬಂದ ಮೇಲೆ ಟೀಚರ್ ಮೊಣಕಾಲೆತ್ತರದ ಮೇಜಿನ ಮುಂದೆ ಗಿಡ್ಡ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಬುಟ್ಟಿಯ ತುಂಬ ಕಾಗದದ ಟ್ಯೂಲಿಪ್ಪುಗಳು. ಒಂದರ ದಳ ಸೊಟ್ಟ, ಒಂದಕ್ಕೆ ತುದಿಯೇ ಇಲ್ಲ, ಇನ್ನೊಂದು ಹೂವೋ ಕಳಚಿ ಬಿಸಾಡಿದ ಕಾಲುಚೀಲವೋ ಹೇಳುವಂತಿಲ್ಲ. ಅವನ್ನು ಒಂದೊಂದಾಗಿ ಬಿಚ್ಚಿ, ಅಂಗೈಯಿಂದ ಸವರಿ, ಮೂಲೆಗೆ ಮೂಲೆ ಕೂಡಿಸಿ, ಹೆಬ್ಬೆರಳ ಉಗುರಿನಿಂದ ಗೀರಿ ಮತ್ತೆ ಮಡಿಸುವುದು, ಹಿಂದೆ ಮಗುವಿನ ಹೆಸರು ಬರೆಯುವುದು. ಈ ಕೆಲಸಕ್ಕೆ ಅವಳೂ ಆಯಾಳೂ ಇಟ್ಟುಕೊಂಡಿದ್ದ ಹೆಸರು ‘ತಿದ್ದುವುದು’.

ಟ್ಯೂಲಿಪ್ಪಿಗೆ ಮೂರೇ ಮಡಿಕೆ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ, ಎಡಗಡೆಯದೊಂದು ತುದಿ ಮೇಲಕ್ಕೆ, ಬಲಗಡೆಯದೊಂದು ತುದಿ ಮೇಲಕ್ಕೆ, ಹೂವಾಯಿತು. ನಾಲ್ಕು ವರ್ಷದ ಮಗುವಿಗೂ ಬರುತ್ತದೆ ಎಂದು ಪುಸ್ತಕದಲ್ಲಿದೆ. ಪುಸ್ತಕ ಬರೆದವರು ನಾಲ್ಕು ವರ್ಷದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಹತ್ತೊಂಬತ್ತರ ಲೆಕ್ಕದಲ್ಲಿ ನೋಡಿರಲಿಕ್ಕಿಲ್ಲ.

ಪ್ರತಿ ವರ್ಷ ಚಳಿ ಮುಗಿಯುತ್ತಲೇ ದೊಡ್ಡ ಕೋಣೆಯ ಗೋಡೆಗೆ ಹಸಿರು ಬಟ್ಟೆ ಕಟ್ಟಿ, ಅದರ ಮೇಲೆ ಹೂವು, ಚಿಟ್ಟೆ, ಮೊಲ, ಮರಿಹಕ್ಕಿಗಳನ್ನು ಅಂಟಿಸುವರು. ಅದು ವಸಂತದ ಗೋಡೆ. ಅಪ್ಪ ಅಮ್ಮಂದಿರು ಬಂದು ಗೋಡೆ ನೋಡುತ್ತಾರೆ. ಶಿಶುವಿಹಾರ ನಡೆಸುವ ದೊಡ್ಡ ಮೇಡಂ, ಒಂದು ಪಕ್ಕಕ್ಕೆ ನಿಂತು, ನೋಡುವವರ ಮುಖ ನೋಡುತ್ತಾರೆ. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಟೀಚರ್ ಮಕ್ಕಳು ಮಾಡಿದ್ದನ್ನು ಮಾಡಿದ ಹಾಗೆಯೇ ಅಂಟಿಸಿದ್ದಳು. “ಗಾಳಿಗೆ ಹಾರಿ ಬಂದ ಕಸ ಇದ್ದ ಹಾಗಿದೆಯಲ್ರೀ,” ಎಂದು ಒಬ್ಬ ತಂದೆ ನಕ್ಕಿದ್ದ. ಎಲ್ಲರೂ ಹೋದ ಮೇಲೆ ದೊಡ್ಡ ಮೇಡಂ ಹಸಿರು ಬಟ್ಟೆ ಮಡಿಸುತ್ತ, “ನಿಮ್ಮ ಕೈ ಚೆನ್ನಾಗಿದೆ. ಉಪಯೋಗಿಸಿ,” ಎಂದರು. ಅಷ್ಟೇ. ಮಾರನೆಯ ವರ್ಷದಿಂದ ಗೋಡೆಯ ಮೇಲೆ ಸೊಟ್ಟ ಹೂವು ಅರಳಲಿಲ್ಲ.

“ಹದಿನೆಂಟು,” ಎಂದಳು ಆಯಾ, ಬುಟ್ಟಿ ಬಗ್ಗಿಸಿ ನೋಡಿ. ಅವಳು ಅಂಟು, ಕತ್ತರಿ, ತೊಟ್ಟಿನ ಕಡ್ಡಿಗಳ ಉಸ್ತುವಾರಿ. “ಕೈ ಇನ್ನೂ ಹತ್ತೊಂಬತ್ತಕ್ಕೇ ಕಡ್ಡಿ ತೆಗೀತದೆ, ನೋಡಿ ಮಿಸ್ಸಮ್ಮ. ಕೈಗೆ ಯಾರು ಬುದ್ಧಿ ಹೇಳೋದು.”

ಹತ್ತೊಂಬತ್ತನೆಯದು ಬಟನ್. ಒಂದು ವರ್ಷದವಳಿದ್ದಾಗ ತಾಯಿ ಕೆಲಸ ಮಾಡುವ ಇಸ್ತ್ರಿ ಅಂಗಡಿಯಲ್ಲಿ ಯಾರದೋ ಅಂಗಿಯ ಗುಂಡಿ ನುಂಗಿ, ಎರಡು ದಿನ ಮನೆಯವರ ಜೀವ ಬಾಯಿಗೆ ತಂದು, ಮೂರನೆಯ ದಿನ ಅದನ್ನು ಬಂದ ದಾರಿಯಲ್ಲದ ದಾರಿಯಲ್ಲಿ ಹೊರಗೆ ಕಳಿಸಿದ್ದಳು. ಆಮೇಲೆ ಅವಳ ನಿಜವಾದ ಹೆಸರನ್ನು ಹಾಜರಿ ಪುಸ್ತಕ ಬಿಟ್ಟು ಬೇರೆ ಯಾರೂ ಕರೆದಿರಲಿಲ್ಲ. ಆರು ವಾರದ ಹಿಂದೆ, ಚಳಿ ಜೋರಾಗಿದ್ದಾಗ, ಜ್ವರ ಬಂತು. ಮೂರೇ ದಿನ.

ಬಾಗಿಲಲ್ಲಿ ನೆರಳು ಬಿತ್ತು. ಆ ಮಗುವಿನ ತಾಯಿ ನಿಂತಿದ್ದಳು.

“ಬಾ ತಾಯಿ, ಒಳಗೆ ಬಾ. ಕೂತ್ಕೋ,” ಎಂದಳು ಆಯಾ.

“ಕೂರಲ್ಲ ಅಕ್ಕ. ಇಸ್ತ್ರಿ ಪೆಟ್ಟಿಗೆ ಕಾಯೋಕೆ ಇಟ್ಟು ಬಂದಿದೀನಿ.” ತಾಯಿಯ ಕಣ್ಣು ಮೇಜಿನ ಮೇಲಿನ ಹೂಗಳ ಮೇಲೆ ಹರಿದು, ಅಲ್ಲಿಂದ ಬೇಗ ಎದ್ದು ಬಂತು. “ಮಿಸ್, ಅವಳು ಮಾಡಿದ್ದು ಏನಾದ್ರೂ ಇದೆಯಾ ಇಲ್ಲಿ? ಅವಳೇ, ಕೈಯಲ್ಲಿ ಮಾಡಿದ್ದು?”

ತಾಯಿಯೇ ಮುಂದುವರಿದಳು. ಅಂಟುಜಾಡ್ಯ, ಮಗು ಮುಟ್ಟಿದ್ದನ್ನೆಲ್ಲ ಸುಟ್ಟುಬಿಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಮಗುವಿನ ಚಿಕ್ಕಪ್ಪ, ಪಾಪ, ಅತ್ತಿಗೆಗೆ ಆ ಕೆಲಸ ಬೀಳಬಾರದೆಂದು ತಾನೇ ಮುಂದಾಗಿ, ಹೇಳಿದ್ದಕ್ಕಿಂತ ಹೆಚ್ಚೇ ಸುಟ್ಟ. ಹಾಸಿಗೆ, ಬಟ್ಟೆ, ಬೊಂಬೆ, ಬಾಚಣಿಗೆ. ಅವಳು ಗೀಚಿದ್ದಳೆಂದು ಕ್ಯಾಲೆಂಡರು ಕೂಡ. ತಾಯಿ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅಲ್ಲೊಂದು ಮಗು ಇತ್ತು ಎನ್ನುವುದಕ್ಕೆ ಬಾಗಿಲ ಸಂದಿಯಲ್ಲೂ ಗುರುತಿರಲಿಲ್ಲ.

“ಫೋಟೋ ಇದೆ ಮಿಸ್. ಆದ್ರೆ ಫೋಟೋ ಅವಳು ಮಾಡಿದ್ದಲ್ಲ, ಚಿಕ್ಕಪ್ಪ ತೆಗೆದಿದ್ದು. ಅವಳ ಕೈಯಿಂದ ಆಗಿದ್ದು ಒಂದು ಬೇಕು ನನಗೆ. ಒಂದೇ ಸಾಕು.”

“ಫೈಲ್ ಇರಬೇಕು,” ಎಂದಳು ಟೀಚರ್. “ಹುಡುಕಿಡ್ತೀನಿ. ನಾಳೆ ಬನ್ನಿ.”

ಹುಡುಕುವುದೇನೂ ಇರಲಿಲ್ಲ. ಬೆನ್ನ ಹಿಂದಿನ ಕಪಾಟಿನಲ್ಲಿ, ಎಡದಿಂದ ಮೂರನೆಯದು ಅದೇ ಫೈಲು.

ತಾಯಿಯ ಚಪ್ಪಲಿ ಸದ್ದು ದೂರವಾದ ಮೇಲೆ ಟೀಚರ್ ಅದನ್ನು ತೆಗೆದಳು. ಹಳದಿ ಚಿಟ್ಟೆ, ಬಿಳಿ ಮೊಲ, ನೀಲಿ ಮರಿಹಕ್ಕಿ, ಕೆಂಪು ಮೀನು. ನಾಲ್ಕೂ ಒಂದಕ್ಕಿಂತ ಒಂದು ಅಂದ. ನಾಲ್ಕರಲ್ಲಿ ಒಂದನ್ನೂ ಬಟನ್ ಮುಟ್ಟಿರಲಿಲ್ಲ.

ಉಳಿದ ಮಕ್ಕಳದ್ದು ತಿದ್ದಿದ್ದೇ ಆದರೂ ಕಾಗದ ಅವರದು. ಹೊಸ ಮಡಿಕೆಯ ಕೆಳಗೆ ಹಳೆಯ ಸೊಟ್ಟ ಗೆರೆ ಮಸುಕಾಗಿಯಾದರೂ ಉಳಿದಿರುತ್ತದೆ. ಬಟನ್‌ಳ ಕಾಗದ ತಿದ್ದುವುದಕ್ಕೇ ಬರುತ್ತಿರಲಿಲ್ಲ. ಅವಳು ಮಡಿಸುವ ಮೊದಲು ನೀರಿನ ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡು, ಬೆರಳದ್ದಿ, ಕಾಗದದ ಮೇಲೆ ಚಿಮುಕಿಸುವಳು. ಬಣ್ಣ ಬಿಟ್ಟುಕೊಂಡು ಮೇಜೆಲ್ಲ ಆಗುವುದು. ಕಾಗದ ಮೆತ್ತಗಾಗಿ ನಾದಿದ ಹಿಟ್ಟಾಗುವುದು. ಪಕ್ಕದ ಮಗು ತನಗೂ ನೀರು ಬೇಕೆಂದು ರಾಗ ಎಳೆಯುವುದು. ಎಷ್ಟು ಸಲ ಹೇಳಿದರೂ ಅಷ್ಟೇ. ಟೀಚರ್ ಆ ಒದ್ದೆ ಮುದ್ದೆಯನ್ನು ಬುಟ್ಟಿಗೆ ಎಸೆದು, ಹೊಸ ಕಾಗದ ತೆಗೆದು, ತಾನೇ ಮಡಿಸಿ ಫೈಲಿಗೆ ಹಾಕಿದ್ದಳು. ಬಟನ್‌ಗೆ ಬೈಯುವುದು ಅವಳಿಗೆ ದಿನದ ಪಾಠದಷ್ಟೇ ರೂಢಿಯಾಗಿಬಿಟ್ಟಿತ್ತು.

“ಇದನ್ನ ಹೇಗೆ ಕೊಡೋದು?” ಎಂದಳು.

“ಕೈಯಲ್ಲಿ ಕೊಡೋದು,” ಎಂದಳು ಆಯಾ.

“ನಾನು ಮಾಡಿದ್ದು ಇದು.”

“ಆಕೆಗೆ ಗೊತ್ತಾ? ಇಲ್ಲ. ಹೇಳಿದ್ರೆ ಯಾರಿಗೆ ಉಪಕಾರ? ಯಾರಿಗೂ ಇಲ್ಲ. ಸುಳ್ಳಿಗೆ ಕಾಲಿಲ್ಲ ಅಂತಾರೆ, ನಾನೂ ಕೇಳಿದೀನಿ. ಆದ್ರೆ ನಿಜಕ್ಕೆ ಹಲ್ಲಿರತ್ತೆ ಮಿಸ್ಸಮ್ಮ. ಸುಟ್ಟ ಗಾಯಕ್ಕೆ ಹಲ್ಲು ತಾಗಿಸ್ತೀರಾ?”

ಮಾರನೆಯ ದಿನ ತಾಯಿ ಬಂದಾಗ ಟೀಚರ್ ಫೈಲನ್ನು ಎರಡೂ ಕೈಯಲ್ಲಿ ಕೊಟ್ಟಳು. ತಾಯಿ ಅಲ್ಲೇ ನಿಂತು ತೆರೆದಳು. ಚಿಟ್ಟೆಯ ರೆಕ್ಕೆಯ ಮೇಲೆ ಬೆರಳನ್ನು ಮುಟ್ಟಿಯೂ ಮುಟ್ಟದಂತೆ ಆಡಿಸಿದಳು.

“ಇಷ್ಟು ಚೆನ್ನಾಗಿ ಮಾಡ್ತಿದ್ಲಾ?” ಅವಳ ದನಿಯಲ್ಲಿ ಹೆಮ್ಮೆಗಿಂತ ಬೆರಗು ಹೆಚ್ಚಿತ್ತು. “ಮನೇಲಿ ಒಂದು ಕರ್ಚೀಫು ನೆಟ್ಟಗೆ ಮಡಿಸ್ತಿರಲಿಲ್ಲ ಕತ್ತೆ. ಎಲ್ಲ ಅವಳೇನಾ ಮಿಸ್?”

“ಹೂಂ,” ಎಂದಳು ಟೀಚರ್. “ಎಲ್ಲ ಅವಳೇ.”

ಒಂದು ವಾರ ಕಳೆಯಿತು. ಗೋಡೆಯ ಹಸಿರು ಬಟ್ಟೆ ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ಸುಕ್ಕುಗಟ್ಟಿತ್ತು. ಆಯಾಳ ಸೊಂಟ ಹಿಡಿದುಕೊಂಡಿದ್ದರಿಂದ ಅದನ್ನು ಇಸ್ತ್ರಿಗೆ ಕೊಟ್ಟು ಬರುವ ಕೆಲಸ ಟೀಚರ್ ಪಾಲಿಗೆ ಬಂತು. ಆ ಬೀದಿಯಲ್ಲಿದ್ದುದು ಒಂದೇ ಇಸ್ತ್ರಿ ಅಂಗಡಿ.

ಅಂಗಡಿ ಎಂದರೆ ಎರಡಾಳು ಅಗಲದ ಕೋಣೆ. ಒಂದು ಕಡೆ ಮುದುರಿದ ಬಟ್ಟೆಯ ಗುಡ್ಡ, ಇನ್ನೊಂದು ಕಡೆ ಮಡಿಸಿದ ಬಟ್ಟೆಯ ಗೋಪುರ, ನಡುವೆ ಕಂಬಳಿ ಹೊದಿಸಿದ ಮೇಜು, ಮೇಜಿನ ಹಿಂದೆ ಬಟನ್‌ಳ ತಾಯಿ. ಅವಳ ತಲೆಯ ಮೇಲೆ, ಹಬೆ ತಾಗದಷ್ಟು ಎತ್ತರದಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ ಹಳದಿ ಚಿಟ್ಟೆ. ಅಂಗಿ ಒಯ್ಯಲು ಬಂದಿದ್ದ ಮುದುಕನೊಬ್ಬ ಕನ್ನಡಕ ಮೇಲೇರಿಸಿ ಅದನ್ನು ನೋಡುತ್ತಿದ್ದ.

“ನಿನಗಿಂತ ಚೆನ್ನಾಗಿ ಗೆರೆ ಹಿಡಿದಿದ್ದಾಳಲ್ಲಮ್ಮ ನಿನ್ನ ಮಗಳು. ನನ್ನ ಪ್ಯಾಂಟಿಗೆ ನೀನು ಕೊಡೋದು ಎರಡೆರಡು ಗೆರೆ.”

“ನಿಮ್ಮ ಪ್ಯಾಂಟಿಗೆ ನಿಮ್ಮ ಮದುವೇಲಿ ಬಿದ್ದ ಗೆರೆ ಇನ್ನೂ ಇದೆ, ನಾನೇನ್ ಮಾಡ್ಲಿ?” ಎಂದು ತಾಯಿ ನಕ್ಕಳು. ಟೀಚರನ್ನು ನೋಡಿ, “ಇವರೇ ತಾತ, ಅವಳಿಗೆ ಕಲಿಸಿದ್ದು,” ಎಂದಳು.

ಮುದುಕ ಕೈ ಮುಗಿದ. ಟೀಚರ್ ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ಮುಂದೆ ಚಾಚಿದಳು.

“ನಿಮ್ಮದು ಈಗಲೇ ಮಾಡಿಕೊಡ್ತೀನಿ ಮಿಸ್, ನಿಲ್ಲಿ.” ತಾಯಿ ಹಸಿರು ಬಟ್ಟೆಯನ್ನು ಕಂಬಳಿಯ ಮೇಲೆ ಹರವಿದಳು. ಪಕ್ಕದ ಬಟ್ಟಲಿಗೆ ಬೆರಳದ್ದಿದಳು. ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ, ಐದೂ ಬೆರಳನ್ನು ಒಮ್ಮೆಗೇ ಬಿಚ್ಚಿ ನೀರು ಚಿಮುಕಿಸಿದಳು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಆಮೇಲೆ ನೀರು ಇಳಿಯಲಿ ಎಂದು ಒಂದು ಗಳಿಗೆ ಕೈ ಮೇಲೆತ್ತಿ ಕಾದಳು.

ಟೀಚರ್ ಆ ಕೈಯನ್ನೇ ನೋಡಿದಳು. ಒಂದೂವರೆ ವರ್ಷ ಆ ಕೈ ಅವಳ ಮೇಜಿನ ಮುಂದೆ ಇತ್ತು, ಇದರ ಕಾಲು ಭಾಗದಷ್ಟು ದೊಡ್ಡದಾಗಿ. ಅದನ್ನು ಅವಳು ತುಂಟತನ ಎಂದುಕೊಂಡಿದ್ದಳು. ಮಗು ಕೆಲಸ ಮಾಡುತ್ತಿತ್ತು. ತನಗೆ ಗೊತ್ತಿದ್ದ ಒಂದೇ ಕೆಲಸವನ್ನು, ಕ್ರಮ ತಪ್ಪದೆ.

ಮಗುವೂ ಹೀಗೇ ನೀರು ಚಿಮುಕಿಸುತ್ತಿತ್ತೆಂದು ಈಗ ಹೇಳಬಹುದಿತ್ತು. ಮುದುಕ ಹೊರಟು ಹೋಗಿದ್ದ. ಆದರೆ ಅದನ್ನು ಹೇಳಿದರೆ ಒದ್ದೆ ಕಾಗದ ಏನಾಯಿತು ಎಂದು ಹೇಳಬೇಕು, ಅದನ್ನು ಹೇಳಿದರೆ ತಲೆಯ ಮೇಲಿನ ಚಿಟ್ಟೆ ಯಾರದೆಂದು ಹೇಳಬೇಕು. ಒಂದು ಎಳೆ ಎಳೆದರೆ ಬಟ್ಟೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಟೀಚರ್ ಬಟ್ಟೆ ತೆಗೆದುಕೊಂಡು, ಅದು ಇನ್ನೂ ಬಿಸಿಯಾಗಿರುವಂತೆಯೇ ಎದೆಗವಚಿಕೊಂಡು ಬಂದಳು. ಮಾರನೆಯ ದಿನದಿಂದ ಹಿಂದಿನ ಓಣಿಯಲ್ಲಿ ಬಳಸಿ ಮನೆಗೆ ಹೋಗತೊಡಗಿದಳು.

ವಸಂತದ ಗೋಡೆ ತೋರಿಸುವ ಹಿಂದಿನ ದಿನ ತಾಯಿ ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಬಂದು ಫೈಲನ್ನು ಮೇಜಿನ ಮೇಲಿಟ್ಟಳು, ಅದರ ಮೇಲೆ ಒಂದು ಬಿಳಿ ಚೌಕದ ಕಾಗದ ಇಟ್ಟಳು. ಅದು ಮೊಲ, ಬಿಚ್ಚಿ ಹರವಿದ ಮೊಲ. ಆಯಾ ಅಂಟಿನ ಡಬ್ಬಿ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದಳು.

“ಬಿಚ್ಚಿದೆ ಮಿಸ್. ಅವಳು ಎಲ್ಲೆಲ್ಲಿ ಬೆರಳಿಟ್ಟಿದ್ಲೋ ಅಲ್ಲೆಲ್ಲ ನಾನೂ ಬೆರಳಿಟ್ಟು ಮಡಿಸಿ ಕಲೀಬೇಕು ಅಂತ.” ತಾಯಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇದರಲ್ಲಿ ಐದು ಮಡಿಕೆ ಇದೆ. ಐದೂ ಒಂದೊಂದೇ ಸಲ ಬಿದ್ದಿದ್ದು. ಒಂದು ತಪ್ಪಿಲ್ಲ, ಒಂದು ಮರುಮಡಿಕೆ ಇಲ್ಲ. ಹದಿನಾಲ್ಕು ವರ್ಷದಿಂದ ನಾನು ಬೇರೆ ಏನೂ ನೋಡಿಲ್ಲ ಮಿಸ್, ಮಡಿಕೆ ಬಿಟ್ಟು. ಇಲ್ಲಿ ಉಗುರು ಎಳೆದಿದೆ ನೋಡಿ, ಈ ತುದಿಯಿಂದ ಆ ತುದಿವರೆಗೆ ಒಂದೇ ಭಾರ. ಇದು ದೊಡ್ಡವರ ಹೆಬ್ಬೆರಳು. ಅವಳ ಉಗುರು ಕತ್ತರಿಸ್ತಿದ್ದವಳು ನಾನು.”

ಟೀಚರ್ ಫೈಲನ್ನು ತನ್ನ ಕಡೆ ಎಳೆದುಕೊಂಡಳು.

“ನಾನು ಮಾಡಿದ್ದು,” ಎಂದಳು.

“ಚಿಟ್ಟೆ?”

“ಅದೂ. ನಾಲ್ಕೂ.”

ತಾಯಿ ತಲೆಯಾಡಿಸಿದಳು. ಕೋಪ ಬಂದಂತೆ ಕಾಣಲಿಲ್ಲ. ಲೆಕ್ಕ ತಾಳೆಯಾದವಳ ಹಾಗೆ ನಿಂತಿದ್ದಳು. “ಅವಳದ್ದು ಎಲ್ಲಿ?”

“ಕಸದ ಬುಟ್ಟೀಲಿ ಹಾಕ್ತಿದ್ದೆ. ಶುಕ್ರವಾರ ಗಾಡಿಯವರು ಒಯ್ತಿದ್ರು.” ಒಂದು ಸಲ ಬಾಯಿ ತೆರೆದ ಮೇಲೆ ನಿಲ್ಲಿಸುವುದು ಅವಳಿಂದಾಗಲಿಲ್ಲ. “ಒದ್ದೆಯಾಗಿರ್ತಿತ್ತು. ಮಡಿಸೋಕೆ ಮುಂಚೆ ನೀರು ಚಿಮುಕಿಸ್ತಿದ್ಲು. ಬೇಡ ಅಂದ್ರೂ ಬಿಡ್ತಿರಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಮೊನ್ನೆ, ನಿಮ್ಮಂಗಡೀಲಿ.”

ಹಿತ್ತಿಲಲ್ಲಿ ನಲ್ಲಿಯ ನೀರು ಡಬ್ಬಿಗೆ ಬೀಳುವ ಸದ್ದು ಕೇಳುತ್ತಿತ್ತು. ತಾಯಿ ಟೀಚರ್ ಎದುರಿನ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಮುದುರಿಕೊಂಡು ಕೂತಳು.

“ಮಾಡಿ ತೋರಿಸಿ,” ಎಂದಳು. “ಅವಳು ಹೇಗೆ ಮಾಡ್ತಿದ್ಲೋ ಹಾಗೇ.”

ಟೀಚರ್ ಕಟ್ಟಿನಿಂದ ಕಾಗದ ತೆಗೆದಳು. ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿದಳು. ಬೆರಳದ್ದಿ ಚಿಮುಕಿಸಿದಳು. ಕೆಂಪು ಕಾಗದದ ಮೇಲೆ ಕಪ್ಪು ಚುಕ್ಕೆಗಳೆದ್ದವು. ಮೂಲೆ ಹಿಡಿದು ಮಡಿಸಿದಳು. ಒದ್ದೆ ಕಾಗದವಾದರೂ ಮೂಲೆ ಹೋಗಿ ಮೂಲೆಯ ಮೇಲೇ ಕೂತಿತು.

“ಅಷ್ಟು ಸರಿಯಾಗಿ ಕೂರ್ತಿತ್ತಾ?”

“ಇಲ್ಲ.”

“ಮತ್ತೆ?”

ಇನ್ನೊಂದು ಕಾಗದ ತೆಗೆದಳು. ಈ ಸಲ ಬೇಕೆಂದೇ ಮೂಲೆಯನ್ನು ಒಂದು ಬೆರಳು ಆಚೆ ಸರಿಸಿದಳು. ಸೊಟ್ಟವಾಯಿತು, ಆದರೆ ಆ ಸೊಟ್ಟವೂ ಅಳತೆ ಹಿಡಿದು ಮಾಡಿದ ಹಾಗಿತ್ತು. ಹನ್ನೊಂದು ವರ್ಷ ತಿದ್ದಿ ತಿದ್ದಿ ಪಳಗಿದ ಬೆರಳುಗಳಿಗೆ ತಪ್ಪುವುದು ಮರೆತುಹೋಗಿತ್ತು. ಮೂರನೆಯದರಲ್ಲಿ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ತ್ರಿಕೋನ ಅಚ್ಚುಕಟ್ಟಾಗಿ ಅಂಗೈಯಲ್ಲಿತ್ತು.

“ಯಾವ ಕಡೆ ತುದಿ ಮೊದಲು ಎತ್ತುತ್ತಿದ್ಲು? ಎಡಗಡೇದಾ, ಬಲಗಡೇದಾ?”

“ಗೊತ್ತಿಲ್ಲ.”

“ಮಡಿಸ್ತಾ ಏನಾದ್ರೂ ಹೇಳ್ಕೋತಿದ್ಲಾ? ಮನೇಲಿ ವಟವಟ ಅಂತಿದ್ಲು.”

“ಗೊತ್ತಿಲ್ಲ.” ಟೀಚರ್ ಒದ್ದೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಏನಾದರೊಂದು ಹೇಳಬಹುದಿತ್ತು, ನಾಲಿಗೆ ಕಚ್ಚಿಕೊಂಡು ಮಡಿಸುತ್ತಿದ್ದಳು ಎಂದರೂ ತಾಯಿ ನಂಬುತ್ತಿದ್ದಳು, ಎಲ್ಲ ಮಕ್ಕಳೂ ಹಾಗೆಯೇ ಮಾಡುತ್ತಾರೆ. “ನಾನು ಅವಳ ಕಡೆ ನೋಡಿರಲಿಲ್ಲ. ಕಾಗದದ ಕಡೆ ನೋಡ್ತಿದ್ದೆ.”

“ಬೈತಿದ್ರಾ?”

“ಬೈತಿದ್ದೆ.”

“ಕೊನೇ ದಿನ?”

ಇದೊಂದನ್ನು ಕೇಳದಿದ್ದರೆ ಸಾಕೆಂದು ಟೀಚರ್ ಇಷ್ಟು ವಾರಗಳಿಂದ ಯಾರ ಬಳಿಯೋ ಬೇಡುತ್ತಿದ್ದಳು.

“ಅವತ್ತೇ ಟ್ಯೂಲಿಪ್ ಶುರು ಮಾಡಿದ್ದು. ಮೇಜು ಪೂರ್ತಿ ನೀರು ಮಾಡಿದ್ಲು. ನಾನು ಕಾಗದ ಕಿತ್ಕೊಂಡೆ. ಇನ್ನೊಂದು ಕೊಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಕೂರಿಸಿದೆ.”

“ಅತ್ತಳಾ?”

“ಇಲ್ಲ. ಸುಮ್ಮನೆ ಕೂತಿದ್ಲು.”

ತಾಯಿ ಮೇಜಿನ ಮೇಲಿನ ಮೂರು ಒದ್ದೆ ಕಾಗದಗಳನ್ನು ನೋಡುತ್ತಿದ್ದಳು. “ಮನೆಗೆ ಬಂದಾಗ ಮೈ ಬೆಚ್ಚಗಿತ್ತು,” ಎಂದಳು. “ಇವತ್ತು ಏನ್ ಮಾಡಿದೆ ಬಂಗಾರಿ ಅಂತ ಕೇಳಿದೆ. ಹೂವು ಮಾಡಿದೆ ಅಂದ್ಲು. ಎಲ್ಲರಿಗಿಂತ ನಂದೇ ಚೆನ್ನಾಗಿತ್ತು, ಮಿಸ್ ಗೋಡೆಗೆ ಹಾಕ್ತಾರೆ ಅಂದ್ಲು. ಆಸ್ಪತ್ರೇಲೂ ಅದನ್ನೇ ಹೇಳ್ತಿದ್ಲು, ನರ್ಸಿಗೆ.”

ಕ್ಷಮಿಸಿ ಎನ್ನುವುದು ಟೀಚರ್‌ಗೆ ಚಿಕ್ಕ ಮಾತೆನಿಸಿತು. ಕಾಲು ತುಳಿದಾಗ, ಬಸ್ಸಿನಲ್ಲಿ ಮೈ ತಾಗಿದಾಗ ಹೇಳುವಂಥದು.

“ಯಾವ ಗೋಡೆ?” ಎಂದಳು ತಾಯಿ.

ಟೀಚರ್ ಕೈ ತೋರಿಸಿದಳು. ಕಪಾಟಿನ ಪಕ್ಕದ್ದು. ಹಸಿರು ಬಟ್ಟೆಯಾಗಲಿ ಅಕ್ಷರಮಾಲೆಯಾಗಲಿ ಇಲ್ಲದ ಬೋಳು ಗೋಡೆ. ಎಂದೋ ಬಳಿದ ಬಣ್ಣ, ಅಲ್ಲಲ್ಲಿ ಪದರು ಎದ್ದು.

ತಾಯಿ ಎದ್ದು, ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಲ್ಲಿಟ್ಟಳು. ಗೋಡೆಗೆ ಮುಖ ಮಾಡಿ ಕೂತಳು. ಗೋಡೆ ಮುಟ್ಟಲಿಲ್ಲ, ಅಳಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಳು. ಹಿತ್ತಿಲಿಂದ ಬಂದ ಆಯಾ ಬಾಗಿಲಲ್ಲೇ ನಿಂತು, ಟೀಚರ್ ಮುಖ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದಳು. ಬೀದಿಯಲ್ಲಿ ಯಾರೋ ಇಸ್ತ್ರಿ ಅಂಗಡಿ ಯಾಕೆ ಮುಚ್ಚಿದೆ ಎಂದು ವಿಚಾರಿಸುತ್ತಿದ್ದರು. ಒಳಗೆ ಕೂತವಳು ತಿರುಗಿ ನೋಡಲಿಲ್ಲ.

ಎದ್ದೇಳಿ ಎನ್ನಲು ಟೀಚರ್‌ಗೆ ಬಾಯಿ ಬರಲಿಲ್ಲ. ಅವತ್ತು ಕೂಡ ಆ ಮಾತನ್ನು ಅವಳು ಹೇಳಿದ್ದು ಹನ್ನೆರಡೂವರೆಗೆ, ಚಿಕ್ಕಪ್ಪ ಬಂದು ಗೇಟಿನಲ್ಲಿ ಎರಡು ಸಲ ಕೂಗಿದ ಮೇಲೆಯೇ. ಅಲ್ಲಿಯವರೆಗೆ ಆ ಮೂಲೆಯಲ್ಲೊಂದು ಮಗು ಕೂತಿದೆ ಎನ್ನುವುದು ಅವಳಿಗೆ ಮರೆತೇಹೋಗಿತ್ತು.